ಕೊಟ್ಟೂರಿನ ಖಾನಾವಳಿ, ಲೆಸ್ಟರಿನ ಸಂತೆ

ಉಣಿಸುವುದು ಬೇರೆ, ಊಟವನ್ನು ಮಾರುವುದು ಬೇರೆ ಎಂಬ ಭಾವನೆ ನಮ್ಮ ಸೀಮೆಯಲ್ಲಿ ಬಹುಕಾಲ ಬೇರೂರಿದ್ದಿತು. ಕೂಡ್ಲಿಗಿಯ ಬೆದ್ದಲು ನೆಲದವರಾಗಲಿ, ಹಡಗಲಿಯ ಮಲ್ಲಿಗೆ ತೋಟದವರಾಗಲಿ, ಹರಪನಹಳ್ಳಿಯ ಕಡೆಯ ಶೇಂಗಾ ಬೆಳೆಯುವವರಾಗಲಿ, ಹೊತ್ತಿಗೆ ಸರಿಯಾಗಿ ಹೊಸ್ತಿಲಿಗೆ ಬಂದವನನ್ನು ಹಸಿದ ಹೊಟ್ಟೆಯಲ್ಲಿ ಹಿಂದಕ್ಕೆ ಕಳುಹಿಸುವವರಲ್ಲ. ಇಂದಿಗೂ ಕೊಟ್ಟೂರೇಶ್ವರನ ತೇರಿಗೆಂದು ದಾವಣಗೆರೆಯ ಕಡೆಯಿಂದ ನಡೆದು ಬರುವ ಸಾವಿರಾರು ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಹಳ್ಳಿಯವರು ಅನ್ನ, ಮಜ್ಜಿಗೆ, ಮಂಡಕ್ಕಿಗಳನ್ನು ಕೈಯಾರೆ ನೀಡುತ್ತಾರೆ. ಯಾರೂ ಬೆಲೆ ಕೇಳುವುದಿಲ್ಲ. ಹೀಗಿರುವಲ್ಲಿ ಊಟಕ್ಕೆ ಹಣ ಪಡೆಯುವವರನ್ನು ಜನರು ಸ್ವಲ್ಪ ಓರೆಗಣ್ಣಿನಿಂದ ನೋಡುತ್ತಿದ್ದುದು ಆಶ್ಚರ್ಯವಲ್ಲ.

ಆದರೆ ಕಾಲ ಬದಲಾಯಿತು. ತುಂಗಭದ್ರೆಗೆ ಅಣೆಕಟ್ಟೆ ಕಟ್ಟಿ 1953ರಲ್ಲಿ ನೀರು ನಿಂತಾಗ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿ, ಜನರು ಹೊಸ ನೆಲೆಗಳನ್ನು ಅರಸಿದರು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯ ನಮ್ಮ ತಾಲ್ಲೂಕುಗಳು ಮದರಾಸು ಸರಕಾರದಿಂದ ಮೈಸೂರಿಗೆ ಸೇರಿದವು. ಕಚೇರಿಗಳು ಬಂದವು, ಶಾಲೆಗಳು ಬಂದವು, ವರ್ಗವಾಗಿ ಬಂದ ಗುಮಾಸ್ತರು, ಉಪಾಧ್ಯಾಯರು, ಬಸ್ಸಿನ ಡ್ರೈವರುಗಳು ಬಂದರು. ಊರಿನಲ್ಲಿ ನೆಂಟರಿಲ್ಲದ, ಸಂಸಾರವನ್ನು ಜೊತೆಗೆ ತಾರದ ಈ ಜನ ಎಲ್ಲಿ ಉಣ್ಣಬೇಕು? ಖಾನಾವಳಿಯು ಹುಟ್ಟಿದುದು ಈ ಪ್ರಶ್ನೆಗೆ ಉತ್ತರವಾಗಿ. ಹೆಸರು ನಮಗೆ ಮರಾಠಿಯಿಂದ ಬಂದುದು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಬಡ ಹೆಂಗಸರು ತಮ್ಮ ಕೋಣೆಯಲ್ಲಿಯೇ ಅಡಿಗೆ ಮಾಡಿ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಅಂಥ ಹೆಂಗಸರನ್ನು ಒಗ್ಗೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ನಮ್ಮಲ್ಲಿ ಹಾಗೆ ಒಗ್ಗೂಡಿಸುವವರು ಯಾರೂ ಇರಲಿಲ್ಲವೆನ್ನಬೇಕು. ಒಬ್ಬೊಬ್ಬ ಹೆಣ್ಣುಮಗಳು ತನ್ನ ತನ್ನ ಒಲೆಯ ಮುಂದೆ ಒಂಟಿಯಾಗಿಯೇ ದುಡಿದಳು.

ನಮ್ಮ ತಾಯಿಯವರು ಅಂಥವರಲ್ಲೊಬ್ಬರು. 1964ರಲ್ಲಿ ತಂದೆಯವರು ತೀರಿಕೊಂಡಾಗ ನನಗೆ ಏಳು ವರ್ಷ, ತಮ್ಮನಿಗೆ ಎರಡು. ಮರುವರ್ಷ ಅವ್ವ ಹಳ್ಳಿಯ ಮನೆಗೆ ಬೀಗ ಹಾಕಿ ಕೊಟ್ಟೂರಿಗೆ ಬಂದು, ಬಾಡಿಗೆಯ ಎರಡು ಅಂಕಣದಲ್ಲಿ ಖಾನಾವಳಿ ತೆರೆದಳು. ಹೊಸಪೇಟೆಯಿಂದ ಬರುತ್ತಿದ್ದ ಮೀಟರ್ ಗೇಜ್ ರೈಲಿಗೆ ಆಗ ಕೊಟ್ಟೂರೇ ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ಹೋಗುವವರು ಇಳಿದು ಬಸ್ಸು ಹಿಡಿಯಬೇಕು, ಬಸ್ಸು ತಪ್ಪಿದರೆ ಉಣ್ಣಬೇಕು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಪುಡಿ, ಗುರೆಳ್ಳು ಪುಡಿ, ಕೆಂಪು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಯಲ್ಲಿ ಅನ್ನ ಸಾರು. ಹೊಟ್ಟೆ ತುಂಬ ಉಂಡು ಏಳುವವರೆಗೆ ಒಂದೇ ಬೆಲೆ. ನನಗೆ ನೆನಪಿರುವ ಕಾಲಕ್ಕೆ ಬಿಡಿ ಊಟಕ್ಕೆ ಒಂದೂಕಾಲು ರೂಪಾಯಿ, ತಿಂಗಳಿಗೆ ಎರಡು ಹೊತ್ತಿನಂತೆ 60 ರೂಪಾಯಿ.

ಮುಂದೆ ನಾನು ಧಾರವಾಡದಲ್ಲಿ ಎಂ.ಕಾಂ. ಓದಿ, ಹರಪನಹಳ್ಳಿಯಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕನಾಗಿ ಮೂರು ದಶಕಗಳಿಗೂ ಮಿಕ್ಕು ಪಾಠ ಹೇಳಿದೆನು. ವೆಚ್ಚಗಣನೆಯ ಪಾಠದಲ್ಲಿ ಸ್ಥಿರವೆಚ್ಚ, ಚರವೆಚ್ಚ, ಲಾಭನಷ್ಟಗಳು ಸಮವಾಗುವ ಬಿಂದು ಎಂದು ಕಪ್ಪು ಹಲಗೆಯ ಮೇಲೆ ಗೆರೆ ಎಳೆಯುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಅವ್ವನ ಕೊಣಮಿಗೆ. ಹನ್ನೆರಡು ರೊಟ್ಟಿ ಉಣ್ಣುವ ಹಮಾಲನನ್ನೂ ಎರಡು ರೊಟ್ಟಿಗೆ ಕೈ ತೊಳೆಯುವ ಗುಮಾಸ್ತನನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಬೆಲೆ ಪಡೆಯುವ ವ್ಯಾಪಾರ ನಡೆಯಬೇಕಾದರೆ, ಸರಾಸರಿ ಎಂಬುದೇನೆಂದು ಅಂಗೈಗೆ ತಿಳಿದಿರಬೇಕು. ಅವ್ವನಿಗೆ ಅದು ತಿಳಿದಿದ್ದಿತು. ಆದರೆ ಅವಳು ಎಂದೂ ಒಂದು ಸಾಲು ಬರೆದಿಡಲಿಲ್ಲ. ಬಾಕಿದಾರರ ಹೆಸರುಗಳು ಗೋಡೆಯ ಮೇಲೆ ಇದ್ದಿಲ ಗೆರೆಗಳಾಗಿ ಮಾತ್ರ ಇರುತ್ತಿದ್ದವು. ಯುಗಾದಿಗೆ ಸುಣ್ಣ ಬಳಿದಾಗ ಬಾಕಿಯೂ ಮಾಸಿ ಹೋಗುತ್ತಿದ್ದಿತು. ಅದು ಮರೆವೋ ಔದಾರ್ಯವೋ ನಾನು ಕೇಳಿದವನಲ್ಲ.

1978ರಲ್ಲಿ ಆ ದುಡಿಮೆಯಿಂದಲೇ ಕೊಟ್ಟೂರಿನಲ್ಲಿ ನಮ್ಮ ಸ್ವಂತದ ಮನೆ ಎದ್ದಿತು. ಕಲ್ಲಿನ ಗೋಡೆ, ಮುಂದೆ ಪಡಸಾಲೆ, ಹಿಂದೆ ಒಲೆಯ ಮನೆ. 2009ರಲ್ಲಿ ಅವ್ವ ಲಿಂಗೈಕ್ಯಳಾದ ಬಳಿಕ ಅದು ನನ್ನ ಮತ್ತು ತಮ್ಮನ ಜಂಟಿ ಹೆಸರಿಗೆ ಬಂದಿತು. ಈ ಬರಹದಲ್ಲಿ ಹೇಳಬೇಕಾದ ವಿಷಯವು ಈ ಮನೆಗೆ ಸಂಬಂಧಿಸಿದುದು.

ತಮ್ಮನ ಮಗ ಕೊಟ್ಟೂರಿನಲ್ಲಿ ಬಿ.ಕಾಂ. ಮುಗಿಸಿ, ಹೊಸಪೇಟೆಯ ಒಂದು ವಸತಿಗೃಹದಲ್ಲಿ ಎರಡು ವರ್ಷ ಕೆಲಸ ಮಾಡಿದನು. ಹಂಪಿಗೆ ಬರುವ ವಿದೇಶೀಯರನ್ನು ಅವನು ಕಂಡುದು ಅಲ್ಲಿ. ಇಂಗ್ಲೆಂಡಿಗೆ ಹೋಗಿ ವ್ಯವಹಾರ ನಿರ್ವಹಣೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಪಡೆದು, ಅಲ್ಲಿಯೇ ನಮ್ಮ ಕಡೆಯ ಊಟದ ಸಣ್ಣದೊಂದು ಖಾನಾವಳಿ ತೆರೆಯಬೇಕೆಂಬುದು ಅವನ ಬಯಕೆ. 2021ರ ಆರಂಭದಲ್ಲಿ ತಮ್ಮ ನನ್ನ ಬಳಿಗೆ ಬಂದು ಹೇಳಿದನು: “ಅಣ್ಣಾ, ಹೊಲ ಇಟ್ಟು ಕಳಸೋಣ ಅಂದ್ರ ಬ್ಯಾಂಕಿನವರು ಹೊಲ ಬ್ಯಾಡ ಅಂತಾರ. ಮನಿ ಪತ್ರ ಕೇಳ್ಯಾರ.”

ಬ್ಯಾಂಕಿನವರು ಹೇಳಿದುದು ನ್ಯಾಯವಾಗಿಯೇ ಇದ್ದಿತು. ಶೈಕ್ಷಣಿಕ ಸಾಲ ಏಳೂವರೆ ಲಕ್ಷವನ್ನು ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕು. ಆಸ್ತಿಯಲ್ಲಿಯೂ ಕೃಷಿಭೂಮಿಯನ್ನು ಬ್ಯಾಂಕುಗಳು ಒಪ್ಪುವುದು ವಿರಳ. ಸಾಲ ತೀರದಿದ್ದಾಗ ನ್ಯಾಯಾಲಯಕ್ಕೆ ಹೋಗದೆ ಆಸ್ತಿಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಅವುಗಳಿಗೆ ನೀಡಿದ 2002ರ ಕಾಯಿದೆಯು ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ರೈತನ ನೆಲವನ್ನು ಕಾಪಾಡಲು ಮಾಡಿದ ಈ ವಿನಾಯಿತಿಯಿಂದಲೇ ರೈತನ ಮಗನ ಓದಿಗೆ ಮನೆಯನ್ನು ಒತ್ತೆಯಿಡಬೇಕಾಗಿ ಬಂದಿತು. ಸಾಲ 18 ಲಕ್ಷ. ನನ್ನ ರುಜುವಿಲ್ಲದೆ ಅದು ಆಗುವಂತಿರಲಿಲ್ಲ.

ತಮ್ಮನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಒಂದೇ ಮಾತು ಹೇಳಿದಳು: “ಭಾವಾರ, ಆ ಮನಿ ಅತ್ತಿ ಕೈಯಾಗಿನ ಬೊಬ್ಬಿಯಿಂದ ಎದ್ದದ್ದು ರೀ.” ಆ ಮಾತಿನಲ್ಲಿ ಬೇಡವೆಂಬುದಿದ್ದಿತೋ, ಕೊಡಿರಿ ಎಂಬುದಿದ್ದಿತೋ, ಎರಡೂ ಇದ್ದವೋ.

ನಾನು ಹುಡುಗನನ್ನು ಕರೆದು ಲೆಕ್ಕ ಕೇಳಿದೆನು. ಪರದೇಶದಲ್ಲಿ ಓದುವ ವಿಷಯದಲ್ಲಿ ನಮ್ಮ ಕಡೆಯವರು ಮೊದಲು ನೋಡುವುದು ಶುಲ್ಕವೊಂದನ್ನೇ. ಶುಲ್ಕದ ಹಿಂದೆ ಬೇರೆಯವು ಸಾಲುಗಟ್ಟಿ ನಿಂತಿರುತ್ತವೆ. ಲಂಡನ್ನಿನ ಹೊರಗೆ ಓದುವವನು ಜೀವನವೆಚ್ಚಕ್ಕೆಂದು ತಿಂಗಳಿಗೆ 1,023 ಪೌಂಡುಗಳಂತೆ ಒಂಬತ್ತು ತಿಂಗಳ ಹಣವನ್ನು, ಎಂದರೆ 9,207 ಪೌಂಡುಗಳನ್ನು ಆಗ ತೋರಿಸಬೇಕಾಗಿದ್ದಿತು. ಸ್ವಂತದ ಹಣವಾದರೆ ಅದು 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಇವಲ್ಲದೆ ವೀಸಾ ಶುಲ್ಕ, ಅಲ್ಲಿಯ ಆರೋಗ್ಯ ಸೇವೆಗೆ ಮುಂಗಡವಾಗಿ ಕಟ್ಟುವ ಹಣ, ವಿಮಾನ, ಚಳಿಗೆ ಬಟ್ಟೆ. ಒಂದು ಪೌಂಡಿಗೆ ನೂರು ರೂಪಾಯಿ ಎಂದು ಹಿಡಿದು ಕೂಡಿದಾಗ ನನ್ನ ನಿವೃತ್ತಿಯ ಹಣದ ಒಂದು ಭಾಗವೂ ತಮ್ಮನ ಹೆಂಡತಿಯ ಬಂಗಾರವೂ ಅದರೊಳಗೆ ಬಂದು ಕುಳಿತವು.

ಇಲ್ಲಿ ಒಂದು ಮಾತನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳಬೇಕು. ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳುಹಿಸಿಕೊಡುವ ದಲ್ಲಾಳಿ ಕಚೇರಿಗಳು ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಇವೆ. ಅಂಥ ಒಂದು ಕಚೇರಿಯವರು ನಮ್ಮ ಹುಡುಗನಿಗೆ, ಓದುತ್ತಿರುವಾಗಲೇ ಅಂಗಡಿ ತೆರೆಯಬಹುದು, ವರ್ಷದೊಳಗೆ ಸಾಲ ತೀರುತ್ತದೆ ಎಂದು ಹೇಳಿ ಕಳುಹಿಸಿದ್ದರು. ನಿಜಸ್ಥಿತಿ ಅದಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗವನ್ನು ಮಾಡುವಂತೆಯೇ ಇಲ್ಲ. ಪಾಠಗಳು ನಡೆಯುವ ಕಾಲದಲ್ಲಿ ಮತ್ತೊಬ್ಬರ ಕೈಕೆಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಅಷ್ಟೆ. ಸ್ವಂತ ವ್ಯಾಪಾರಕ್ಕೆ ದಾರಿಯಾಗುವುದು ಪದವಿ ಮುಗಿದ ಮೇಲೆ ದೊರೆಯುವ ಪದವೀಧರ ವೀಸಾದಲ್ಲಿ. ಇಂಥ ಅವಕಾಶವನ್ನು 2012ರಲ್ಲಿ ಆ ಸರಕಾರ ತೆಗೆದುಹಾಕಿದ್ದಿತು. 2021ರ ಜುಲೈ 1ರಿಂದ ಮತ್ತೆ ತೆರೆಯಿತು, ಎರಡು ವರ್ಷಗಳ ಮಟ್ಟಿಗೆ. ಸರಕಾರದ ನಿಯಮಗಳನ್ನು ಮುದ್ರಿಸಿಕೊಂಡು ಹುಡುಗನೂ ನಾನೂ ಪಡಸಾಲೆಯಲ್ಲಿ ಕುಳಿತು ಮೂರು ದಿನ ಓದಿದೆವು. ಓದಿದ ಮೇಲೆಯೂ ಅವನು ಹೋಗುವೆನೆಂದನು. ನಾನು ಎರಡು ಷರತ್ತುಗಳನ್ನು ಹಾಕಿದೆನು: ಓದುವ ವರ್ಷದಲ್ಲಿ ಯಾವುದಾದರೂ ಅಡಿಗೆಮನೆಯಲ್ಲಿಯೇ ದುಡಿಯಬೇಕು, ಪ್ರತಿ ತಿಂಗಳೂ ಲೆಕ್ಕ ಬರೆದು ಕಳುಹಿಸಬೇಕು. ಮೂರನೆಯ ಷರತ್ತನ್ನು ಅವನ ತಾಯಿ ಹಾಕಿದಳು. ರೊಟ್ಟಿ ಬಡಿಯಲು ಕಲಿತ ಮೇಲೆ ಹೊರಡಬೇಕು.

ಗಂಡುಮಗ ರೊಟ್ಟಿ ಬಡಿಯುವುದನ್ನು ನೋಡಲು ಓಣಿಯ ಹೆಂಗಸರು ಬಂದು ನಗುತ್ತಿದ್ದರು. ಎಸರು ಕಾಯಿಸಿ, ಹಿಟ್ಟಿಗೆ ಹುಯ್ದು, ಜಿಗಿ ಬರುವವರೆಗೆ ನಾದಿ, ಅಂಚು ಒಡೆಯದಂತೆ ತಟ್ಟುತ್ತ ತಿರುಗಿಸಿ, ಹೆಂಚಿನ ಮೇಲೆ ಹಾಕಿ ನೀರು ಸವರಿ, ಕೆಂಡದ ಮೇಲೆ ಉಬ್ಬಿಸುವ ಈ ವಿದ್ಯೆಗೆ ಅವನು ನಾಲ್ಕು ತಿಂಗಳು ಕೊಟ್ಟನು. ಆಗಸ್ಟ್ ತಿಂಗಳಲ್ಲಿ ಅವನ ತಾಯಿ “ಇನ್ನ ಅಡ್ಡಿಯಿಲ್ಲ” ಎಂದಳು. ನಾನು ರುಜು ಹಾಕಿದೆನು. ಸೆಪ್ಟೆಂಬರಿನಲ್ಲಿ ಅವನು ಹೊರಟನು.

ಅವನು ಸೇರಿದುದು ಲೆಸ್ಟರ್ ನಗರ. ಆ ಊರಿನ ಚರಿತ್ರೆ ಪರದೇಶದಲ್ಲಿ ಅಂಗಡಿ ಇಡುವವರೆಲ್ಲರೂ ಅರಿಯತಕ್ಕದ್ದು. 1972ರಲ್ಲಿ ಉಗಾಂಡದ ಇದಿ ಅಮೀನನು ಅಲ್ಲಿಯ ಏಶಿಯಾದವರನ್ನು, ಬಹುಪಾಲು ಗುಜರಾತಿಗಳನ್ನು, 90 ದಿನಗಳಲ್ಲಿ ದೇಶ ಬಿಡಬೇಕೆಂದು ಆಜ್ಞಾಪಿಸಿದಾಗ, ಲೆಸ್ಟರಿನ ನಗರಸಭೆಯವರು ಉಗಾಂಡದ ವೃತ್ತಪತ್ರಿಕೆಯಲ್ಲಿಯೇ ಜಾಹೀರಾತು ಕೊಟ್ಟು, ನಮ್ಮ ಊರಿಗೆ ಬರಬೇಡಿರೆಂದು ತಿಳಿಸಿದರು. ಆದರೂ ಸಾವಿರಾರು ಜನ ಅಲ್ಲಿಗೇ ಬಂದರು. ಇಂದು ಆ ಊರಿನ ಬೆಲ್‌ಗ್ರೇವ್ ರಸ್ತೆಯ ಎರಡೂ ಬದಿಗೆ ಅವರ ಬಂಗಾರದಂಗಡಿ, ಸೀರೆಯಂಗಡಿ, ಊಟದ ಮನೆಗಳಿವೆ. ಬರಬೇಡಿರೆಂದ ನಗರಕ್ಕೆ ಈಗ ಅದೇ ಒಂದು ಹೆಮ್ಮೆ. ನಮ್ಮ ಹುಡುಗನಿಗೆ ಇದರಿಂದ ಒಂದು ಉಪಕಾರವಾಯಿತು. ಗುಜರಾತಿಗಳೂ ಜೋಳದ, ಸಜ್ಜೆಯ ರೊಟ್ಟಿ ಉಣ್ಣುವವರು. ಆದುದರಿಂದ ಅಲ್ಲಿ ಜೋಳದ ಹಿಟ್ಟು ಸಿಕ್ಕಿತು. ಆದರೆ ಬೀಸಿ ಎಷ್ಟು ತಿಂಗಳಾಗಿದ್ದಿತೋ, ಹಿಟ್ಟಿಗೆ ಜಿಗಿಯೇ ಇರಲಿಲ್ಲ. ತಟ್ಟಿದರೆ ಅಂಚೆಲ್ಲ ಸೀಳುತ್ತಿದ್ದಿತು. ವಿದ್ಯುತ್ತಿನ ಒಲೆಯ ಮೇಲೆ ಉಬ್ಬುತ್ತಲೂ ಇರಲಿಲ್ಲ. ಕೊನೆಗೆ ಅವನು ಕಾಳನ್ನೇ ಕೊಂಡು ಸಣ್ಣ ಯಂತ್ರದಲ್ಲಿ ತಾನೇ ಬೀಸಿಕೊಂಡನು, ಅನಿಲದ ಒಲೆಯಿರುವ ಕೋಣೆಯನ್ನು ಹುಡುಕಿದನು. ತಿಂಗಳ ಲೆಕ್ಕದಲ್ಲಿ “ಯಂತ್ರ, 70 ಪೌಂಡು” ಎಂದು ಬರೆದು, ಪಕ್ಕದಲ್ಲಿ “ದೊಡ್ಡಪ್ಪ, ಇದು ಬಂಡವಾಳದ ವೆಚ್ಚ” ಎಂದು ಸೇರಿಸಿದ್ದನು. ಪಾಠ ಹೇಳಿದವನಿಗೆ ಇದಕ್ಕಿಂತ ಬೇರೆ ಗೌರವ ಬೇಕಿಲ್ಲ.

ವಿಶ್ವವಿದ್ಯಾಲಯದಲ್ಲಿ ಅವನಿಗೆ ಏನು ಕಲಿಸಿದರು ಎಂದು ಊರಿನ ಹಲವರು ಕೇಳುತ್ತಾರೆ. ಅಡಿಗೆಯನ್ನಂತೂ ಅಲ್ಲ, ಗಿರಾಕಿಯನ್ನು ನಗಿಸುವುದನ್ನೂ ಅಲ್ಲ. ಆದರೆ ಕರಾರುಪತ್ರವನ್ನು ಕೊನೆಯ ಸಾಲಿನವರೆಗೆ ಓದುವುದು, ವಿಮೆ, ತೆರಿಗೆ, ಕಂಪನಿಯ ಸ್ಥಾಪನೆ, ಲಾಭ ಬಂದಿದ್ದರೂ ಕೈಯಲ್ಲಿ ಹಣವಿಲ್ಲದೆ ವ್ಯಾಪಾರ ಹೇಗೆ ಮುಳುಗುತ್ತದೆ ಎಂಬುದು, ಇವನ್ನು ಕಲಿತನು. ಈ ಕೊನೆಯ ವಿಷಯಕ್ಕೆ ಅವನು ತನ್ನ ಪ್ರಬಂಧದಲ್ಲಿ ಬಳಸಿಕೊಂಡ ಉದಾಹರಣೆ ನನ್ನನ್ನು ಬೆರಗುಗೊಳಿಸಿತು. ಲಂಡನ್ನಿನಲ್ಲಿ ಭಾರತೀಯನೊಬ್ಬನು ತೆರೆದ ಮೊದಲ ಊಟದ ಮನೆ ಪಾಟ್ನಾದ ಕಡೆಯ ದೀನ್ ಮಹಮದನದು. ಅವನು 1810ರಲ್ಲಿ ಪೋರ್ಟ್‌ಮನ್ ಚೌಕದ ಹತ್ತಿರ ಹಿಂದೂಸ್ತಾನಿ ಕಾಫಿ ಹೌಸ್ ಎಂಬುದನ್ನು ಇಟ್ಟನು. ಅಡಿಗೆಯನ್ನು ಉಂಡವರು ಹೊಗಳಿದರು. 1812ರಲ್ಲಿ ಅವನು ದಿವಾಳಿಯಾದನು. ಬಳಿಕ ಬ್ರೈಟನ್ನಿಗೆ ಹೋಗಿ ಹಬೆಯ ಸ್ನಾನದ ಮನೆಯನ್ನು ನಡೆಸಿ ಹೆಸರು ಮಾಡಿದನು. ನಮ್ಮವರೇ ಆದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು 1924ರಲ್ಲಿ ಆರಂಭಿಸಿ, ಸಿಂಗಪುರದಲ್ಲಿ ಶಾಖೆ ತೆರೆದುದು 2013ರಲ್ಲಿ. ನಡುವೆ ಸುಮಾರು ತೊಂಬತ್ತು ವರ್ಷ. ಎರಡನ್ನೂ ಹುಡುಗನು ಪಕ್ಕಪಕ್ಕದಲ್ಲಿಟ್ಟು ಬರೆದಿದ್ದನು.

ಅವನು ದುಡಿದುದು ಒಂದು ಊಟದ ಮನೆಯ ಪಾತ್ರೆ ತೊಳೆಯುವ ಕೋಣೆಯಲ್ಲಿ, ವಾರಕ್ಕೆ 20 ಗಂಟೆ. ಓದು 2022ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2023ರ ಜನವರಿಯಲ್ಲಿ ಪದವೀಧರ ವೀಸಾ ಕೈಗೆ ಬಂದಿತು. ವಾರದ ಐದು ದಿನ ಒಂದು ಉಗ್ರಾಣದಲ್ಲಿ ಕೆಲಸ, ಶನಿವಾರ ಭಾನುವಾರ ತನ್ನ ವ್ಯಾಪಾರ, ಹೀಗೆ ಏರ್ಪಾಡು ಮಾಡಿಕೊಂಡನು.

ಅಲ್ಲಿ ಆಹಾರದ ವ್ಯಾಪಾರ ಮಾಡುವವನು ಆರಂಭಕ್ಕೆ 28 ದಿನ ಮೊದಲು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಬೇಕು. ಅದಕ್ಕೆ ಶುಲ್ಕವಿಲ್ಲ; ಲಂಚವಂತೂ ಇಲ್ಲವೆಂದು ಹುಡುಗನು ಒತ್ತಿ ಬರೆದಿದ್ದನು. ಅನಂತರ ಪರೀಕ್ಷಕರು ಬಂದು ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಇವನಿಗೆ ಮೊದಲ ಸಲ ಬಂದುದು ನಾಲ್ಕು. ಅಡಿಗೆಮನೆ ಶುಚಿಯಾಗಿದ್ದಿತು, ಶೀತಪೆಟ್ಟಿಗೆಯ ಉಷ್ಣತೆಯನ್ನು ದಿನದಿನವೂ ಬರೆದಿಟ್ಟಿರಲಿಲ್ಲ. ಬರೆದಿಡದೆ ಇಪ್ಪತ್ತೈದು ವರ್ಷ ಖಾನಾವಳಿ ನಡೆಸಿದ ಅಜ್ಜಿಯ ಮೊಮ್ಮಗನಿಗೆ ಬರೆದಿಡದುದಕ್ಕೇ ಒಂದು ಅಂಕ ಹೋಯಿತು.

ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಕೆಲವರ ದೇಹಕ್ಕೆ ಒಗ್ಗದೆ ಪ್ರಾಣಾಪಾಯವನ್ನೇ ತರಬಲ್ಲ 14 ಬಗೆಯ ಆಹಾರಗಳ ಪಟ್ಟಿಯೊಂದು ಅಲ್ಲಿಯ ಕಾನೂನಿನಲ್ಲಿದೆ. ತಿನಿಸಿನಲ್ಲಿ ಅವುಗಳಲ್ಲಿ ಯಾವುದಿದ್ದರೂ ಕೊಳ್ಳುವವನಿಗೆ ತಿಳಿಸಲೇಬೇಕು. ಪಟ್ಟಿಯನ್ನು ನೋಡಿದರೆ ನಮ್ಮ ಖಾನಾವಳಿಯ ಡಬ್ಬಿಗಳ ಸಾಲೇ ಎದುರಿಗೆ ಬರುತ್ತದೆ: ಶೇಂಗಾ ಅದರಲ್ಲಿದೆ, ಎಳ್ಳು ಇದೆ, ಸಾಸಿವೆ ಇದೆ, ಹಾಲು ಮೊಸರು ಇವೆ, ಗೋಧಿ ಇದೆ. ಗುರೆಳ್ಳು ಮಾತ್ರ ಇಲ್ಲ. ಬಹುಶಃ ಆ ಜನಕ್ಕೆ ಅದರ ಪರಿಚಯವಿಲ್ಲ. ಎಣ್ಣೆಗಾಯಿಯ ಮಸಾಲೆಯಿಂದ ಶೇಂಗಾ ತೆಗೆದರೆ ಉಳಿಯುವುದೇನು? ಹುಡುಗನು ತೆಗೆಯಲಿಲ್ಲ. ದೊಡ್ಡ ಅಕ್ಷರಗಳಲ್ಲಿ ಹಲಗೆ ಬರೆದು ತೂಗುಹಾಕಿದನು, ಪುಡಿಗಳನ್ನು ಬೇರೆ ಬೇರೆ ಚಮಚಗಳೊಡನೆ ದೂರವಿಟ್ಟನು.

ಅದೇ ಪಟ್ಟಿಯಿಂದ ಲಾಭವೂ ಬಂದಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಗ್ಗದ ರೋಗಿಗಳು ಆ ದೇಶದಲ್ಲಿ ಬಹಳ. ಜೋಳದಲ್ಲಿ ಅದು ಇಲ್ಲ. ಬಿಸಿ ರೊಟ್ಟಿಯನ್ನು ಕಂಡು ಬಿಳಿಯರ ಮುದುಕಿಯೊಬ್ಬಳು, ವರ್ಷಗಳ ಮೇಲೆ ಕೈಯಿಂದ ಮುರಿದು ತಿನ್ನುವ ರೊಟ್ಟಿ ಕಂಡೆನೆಂದಳಂತೆ. ಆದರೆ ಗ್ಲುಟೆನ್ ಇಲ್ಲವೆಂದು ಬರೆದು ಮಾರಬೇಕಾದರೆ ಅದರ ಅಂಶ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರಬಾರದು. ಚಪಾತಿ ಮಾಡುವ ಅಡಿಗೆಮನೆಯಲ್ಲಿ ಗೋಧಿಯ ಧೂಳು ಹಾರದಿರುವುದುಂಟೆ? ಉತ್ತರ ಭಾರತದ ಹುಡುಗರು ಕೇಳುತ್ತಾರೆಂದು ಮಾಡುತ್ತಿದ್ದ ಚಪಾತಿಯನ್ನು ಅವನು ನಿಲ್ಲಿಸಿಯೇಬಿಟ್ಟನು. ಒಂದು ತಿಂಗಳು ಗಿರಾಕಿ ಕಡಿಮೆಯಾಯಿತು, ಆಮೇಲೆ ಹೆಚ್ಚಾಯಿತು.

2024ರ ಬೇಸಗೆಯ ಒಂದು ಶನಿವಾರದ ಲೆಕ್ಕ ನನ್ನ ಮುಂದಿದೆ. ತಲಾ 8 ಪೌಂಡಿನಂತೆ 60 ಊಟ, 480 ಪೌಂಡು. ಸಾಮಾನಿಗೆ 130, ಅನಿಲ ಮತ್ತು ಡಬ್ಬಿಗಳಿಗೆ 40, ಸಂತೆಯ ಸ್ಥಳಕ್ಕೆ 45, ಸಹಾಯಕ್ಕೆ ಬಂದ ಹುಡುಗಿಗೆ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 11.44ರಂತೆ ಎಂಟು ಗಂಟೆಗೆ ಸುಮಾರು 92. ಉಳಿದುದು 173. ಊರಿನವರು ಇದನ್ನು ರೂಪಾಯಿಗೆ ತಿರುಗಿಸಿ, ಒಂದು ದಿನಕ್ಕೆ 18 ಸಾವಿರವೇ ಎಂದು ಬಾಯಿ ತೆರೆಯುತ್ತಾರೆ. ಅವನು ಕೋಣೆಗೆ ಕೊಡುವ ಬಾಡಿಗೆಯನ್ನು ಮಾತ್ರ ಯಾರೂ ರೂಪಾಯಿಗೆ ತಿರುಗಿಸುವುದಿಲ್ಲ. ಹಿಂದಿನ ದಿನ ರಾತ್ರಿಯೆಲ್ಲ ಪಲ್ಯ ಹೆಚ್ಚಿದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ತನ್ನ ಕೂಲಿಯನ್ನು ತಾನು ಬರೆದುಕೊಳ್ಳದವನ ಲಾಭ ಅರ್ಧ ಸುಳ್ಳು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು. ಅವ್ವನ ಇಪ್ಪತ್ತೈದು ವರ್ಷದ ಕೂಲಿಯೂ ಎಲ್ಲಿಯೂ ಬರೆದಿರಲಿಲ್ಲ.

ಆ ವರ್ಷ ಅವನು ಲಂಡನ್ನಿಗೆ ಹೋಗಿ ಥೇಮ್ಸ್ ನದಿಯ ದಂಡೆಯಲ್ಲಿರುವ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಿ ಬಂದನು. ಬಸವ ಜಯಂತಿಯ ವಾರದಲ್ಲಿ ತನ್ನ ಸಂತೆಯ ಅಂಗಡಿಯಲ್ಲಿ ಒಂದು ಹೊತ್ತು ಯಾರಿಂದಲೂ ಹಣ ಪಡೆಯಲಿಲ್ಲವೆಂದು ತಿಳಿಸಿದನು. ಅವ್ವನೂ ತೇರಿನ ದಿನ ಹಾಗೆಯೇ ಮಾಡುತ್ತಿದ್ದಳು. ನಾನು ಅವನಿಗೆ ಅದನ್ನು ಹೇಳಿದವನಲ್ಲ, ಅವನ ತಾಯಿ ಹೇಳಿರಬೇಕು. ಲೆಕ್ಕದ ಪುಸ್ತಕದಲ್ಲಿ ಅದನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂದು ಕೇಳಿದನು. “ದಾಸೋಹ ಎಂದು ಬರೆ, ಪ್ರಚಾರವೆಚ್ಚ ಎಂದು ಬರೆಯಬೇಡ” ಎಂದೆನು.

ವ್ಯಾಪಾರ ನಿಂತುಕೊಂಡಿತು, ವೀಸಾ ನಿಲ್ಲಲಿಲ್ಲ. 2025ರ ಜನವರಿಗೆ ಅವಧಿ ಮುಗಿಯುವುದಿತ್ತು. ಮುಂದೆ ಎರಡು ದಾರಿ. ಒಂದು, ಯಾವುದಾದರೂ ಕಂಪನಿಯಲ್ಲಿ ನೌಕರಿ ಹಿಡಿದು ಅದರ ಆಶ್ರಯದಲ್ಲಿ ಉಳಿಯುವುದು. ಅದಕ್ಕೆ ಬೇಕಾದ ಸಾಮಾನ್ಯ ವಾರ್ಷಿಕ ಸಂಬಳದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 38,700 ಪೌಂಡುಗಳಿಗೆ ಏರಿಸಿದ್ದರು. ಹೊಸಬರಿಗೆ ಸ್ವಲ್ಪ ರಿಯಾಯಿತಿಯಿದ್ದರೂ ಉಗ್ರಾಣದ ಕೆಲಸಕ್ಕೆ ಅದು ನಿಲುಕುವಂಥದಲ್ಲ. ಇನ್ನೊಂದು, 2023ರಲ್ಲಿ ಹೊಸದಾಗಿ ಮಾಡಿದ ಉದ್ಯಮ ಸ್ಥಾಪಕರ ವೀಸಾ. ಅದಕ್ಕೆ ಬಂಡವಾಳದ ಕನಿಷ್ಠ ಮಿತಿಯೇನೂ ಇಲ್ಲ. ಆದರೆ ಯೋಜನೆಯು ಹೊಸತಾಗಿರಬೇಕು, ನಡೆಯುವಂಥದಾಗಿರಬೇಕು, ವಿಸ್ತಾರವಾಗಿ ಬೆಳೆಯುವಂಥದಾಗಿರಬೇಕು ಎಂದು ಮಾನ್ಯತೆ ಪಡೆದ ಸಂಸ್ಥೆಯೊಂದು ಒಪ್ಪಿ ಬರೆದುಕೊಡಬೇಕು. ರೊಟ್ಟಿ ಎಣ್ಣೆಗಾಯಿಗಳನ್ನು ಹೊಸತೆಂದು ಯಾರು ಹೇಳಿಯಾರು? ಹಳತಾಗಿರುವುದೇ ಅವುಗಳ ಗುಣ. ಯಂತ್ರವೊಂದನ್ನು ಸೇರಿಸಿ, ಗಣಕದ ನಾಲ್ಕು ಮಾತು ಬೆರೆಸಿ ಯೋಜನೆ ಬರೆಯಿಸಿಕೊಡುವೆವೆಂದು ಮುಂದೆ ಬಂದವರೂ ಇದ್ದರು. ಹುಡುಗ ಒಪ್ಪಲಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಒಂದು ದಂಪತಿಗಳು ಬಹಳ ವರ್ಷಗಳಿಂದ ಲೆಸ್ಟರಿನಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದವರು. ಆರಂಭದಿಂದಲೂ ಅವನ ಗಿರಾಕಿಗಳು. ಅವರೊಡನೆ ಸೇರಿ ಅವನು ಒಂದು ಸಣ್ಣ ಕಂಪನಿಯನ್ನು ನೋಂದಾಯಿಸಿದ್ದನು. 2024ರ ಡಿಸೆಂಬರಿನಲ್ಲಿ ಒಲೆ, ಪಾತ್ರೆ, ಸಂತೆಯ ಸ್ಥಳ, ಹೆಸರು ಎಲ್ಲವನ್ನೂ ಅವರ ವಶಕ್ಕೆ ಬಿಟ್ಟು, ಮೂರರಲ್ಲಿ ಒಂದು ಪಾಲನ್ನು ತಾನು ಉಳಿಸಿಕೊಂಡು ಊರಿಗೆ ಬಂದನು. ಆ ಹೆಣ್ಣುಮಗಳು ಈಗ ಶನಿವಾರ ಭಾನುವಾರ ರೊಟ್ಟಿ ಬಡಿಯುತ್ತಾಳೆ. ಗಂಡನು ನೌಕರಿಯಿಂದ ಬಂದು ಉಷ್ಣತೆಯನ್ನು ಬರೆಯುತ್ತಾನೆ.

ಊರಿನಲ್ಲಿ ಅವನು ಬಂದುದನ್ನು ಜನ ಒಂದೊಂದು ಬಗೆಯಾಗಿ ಆಡಿಕೊಂಡರು. ಓಡಿಸಿದರೆಂದರು, ನಷ್ಟವಾಯಿತೆಂದರು. ಹೆಣ್ಣು ಕೊಡಲು ಮುಂದೆ ಬಂದಿದ್ದ ಹಗರಿಬೊಮ್ಮನಹಳ್ಳಿಯ ಕಡೆಯ ಮನೆಯವರು ಮತ್ತೆ ಮಾತೆತ್ತಲಿಲ್ಲ. ತಮ್ಮನು ಕೆಲವು ತಿಂಗಳು ಬಜಾರಿನ ದಾರಿಯನ್ನೇ ಬಿಟ್ಟಿದ್ದನು. ಕಾಫಿಯ ತೋಟಕ್ಕೆ ಗುಳೆ ಹೋಗಿ ತಿರುಗಿ ಬಂದವನನ್ನು ಏನೂ ಅನ್ನದ ಊರು, ಸಮುದ್ರ ದಾಟಿ ಹೋದವನು ಬಂದರೆ ಮಾತ್ರ ಸೋತವನೆನ್ನುವುದು ನನಗೆ ಅರ್ಥವಾಗದ ನ್ಯಾಯ.

ಅವನ ಕೈಯಲ್ಲಿ ಈಗಿರುವ ಕೆಲಸ ಕಟಕ್ ರೊಟ್ಟಿಯದು. ಉಜ್ಜಿನಿಯ ದಾರಿಯಲ್ಲಿ ಬಾಡಿಗೆಯ ಒಂದು ಶೆಡ್ಡಿನಲ್ಲಿ ಆರು ಮಂದಿ ಹೆಂಗಸರು ಅವನ ತಾಯಿಯ ಮೇಲ್ವಿಚಾರಣೆಯಲ್ಲಿ ಬಡಿಯುತ್ತಾರೆ. ರೊಟ್ಟಿಯನ್ನು ತೆಳ್ಳಗೆ ಬಡಿದು, ಒಣಗಿಸಿ ಗರಿಗರಿಯಾಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ರಫ್ತು ಮಾಡುವವರಿಗೆ ಕೇಂದ್ರ ಸರಕಾರ ಕೊಡುವ ಸಂಕೇತ ಸಂಖ್ಯೆ, ಎರಡನ್ನೂ ಪಡೆದುಕೊಂಡಿದ್ದಾನೆ. ಶೆಡ್ಡಿನಲ್ಲಿ ಗೋಧಿಗೆ ಪ್ರವೇಶವಿಲ್ಲ. ಹೆಂಗಸರ ದಿನಗೂಲಿಯನ್ನು ಮೊದಲ ಸಾಲಿನಲ್ಲಿಯೇ ಬರೆಯುತ್ತಾನೆ, ತಾಯಿಯದನ್ನೂ ಸೇರಿಸಿ, ಅದನ್ನು ಕಂಡು ಅವಳು “ನನಗೂ ಪಗಾರೇನಪ್ಪಾ?” ಎಂದು ನಕ್ಕಳು, ಆದರೆ ರುಜು ಹಾಕಿ ತೆಗೆದುಕೊಂಡಳು. ಮೊದಲ ಕಳುಹಿಕೆಯಲ್ಲಿ ಹೆಚ್ಚುಕಡಮೆ ಐದರಲ್ಲೊಂದು ರೊಟ್ಟಿ ದಾರಿಯಲ್ಲಿ ಮುರಿದುಹೋದವು. ಎರಡನೆಯದಕ್ಕೆ ತಗಡಿನ ಡಬ್ಬಿ ಮಾಡಿಸಿದ್ದಾನೆ. ಡಬ್ಬಿಯ ತೂಕಕ್ಕೆ ಸಾಗಣೆಯ ವೆಚ್ಚ ಏರಿದೆ. ಬಿದಿರಿನ ಪುಟ್ಟಿಗಳನ್ನು ನೋಡೋಣವೆಂದು ಹಡಗಲಿಗೆ ಹೋಗಿದ್ದನು. ದೂರದ ಊರುಗಳಿಗೆ ಹೂವನ್ನು ನಲುಗದಂತೆ ಕಳುಹಿಸುವ ಮಲ್ಲಿಗೆಯವರಿಗೆ ಈ ವಿದ್ಯೆ ಗೊತ್ತಿದೆ.

ಸಾಲದ ವಿಷಯವನ್ನು ಹೇಳದೆ ಬಿಟ್ಟರೆ ಈ ಲೆಕ್ಕ ಪೂರ್ತಿಯಾಗದು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿರಲಿಲ್ಲ; ಬಡ್ಡಿ ಮಾತ್ರ ಬೆಳೆಯುತ್ತಿದ್ದಿತು. ಹೀಗಾಗಿ 18 ಲಕ್ಷವು 21 ಲಕ್ಷವಾಗಿ, 2023ರ ಅಕ್ಟೋಬರಿನಿಂದ ತಿಂಗಳಿಗೆ 28,300 ರೂಪಾಯಿಯಂತೆ ಹತ್ತು ವರ್ಷದ ಕಂತು ಆರಂಭವಾಯಿತು. ಒಂದು ತಿಂಗಳೂ ತಪ್ಪಿಲ್ಲ. ಮೊದಲ ವರ್ಷ ಉಗ್ರಾಣದ ಸಂಬಳ ಕಟ್ಟಿತು, ಅನಂತರ ಸಂತೆಯ ಲಾಭವೂ ಕೂಡಿತು, ಈಗ ಲೆಸ್ಟರಿನ ಪಾಲು ಅರ್ಧದಷ್ಟನ್ನೂ ರೊಟ್ಟಿಯ ಶೆಡ್ಡು ಉಳಿದುದನ್ನೂ ಕಟ್ಟುತ್ತಿವೆ. ಎರಡು ತಿಂಗಳು ನನ್ನ ಪಿಂಚಣಿ ಕಟ್ಟಿದೆ. 26 ಕಂತುಗಳಾದ ಮೇಲೆ ಬ್ಯಾಂಕಿಗೆ ಹೋಗಿ ವಿಚಾರಿಸಿದೆನು. ಬಾಕಿ 18 ಲಕ್ಷ ಚಿಲ್ಲರೆ. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯದೇ ದೊಡ್ಡ ಭಾಗವೆಂದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಅದು ಹೊಸ ಸಂಗತಿಯಲ್ಲ. ತಮ್ಮನಿಗೆ ಬಿಡಿಸಿ ಹೇಳುವುದು ಮಾತ್ರ ಕಷ್ಟವಾಯಿತು. ಮನೆಯ ಮೂಲಪತ್ರಗಳು ಬ್ಯಾಂಕಿನ ಕಪಾಟಿನಲ್ಲಿವೆ.

ಸಂಕ್ರಾಂತಿಯ ಹೊತ್ತಿಗೆ ಹೊಸ ಜೋಳ ಬರುತ್ತದೆ, ಹೊಸ ಹಿಟ್ಟಿಗೆ ಜಿಗಿ ಚೆನ್ನಾಗಿರುತ್ತದೆ. ಅಲ್ಲಿಯವರೆಗೆ ಹಳೆಯ ದಾಸ್ತಾನಿನಲ್ಲಿಯೇ ಬಡಿಯಬೇಕು. ಲೆಸ್ಟರಿನ ಆ ಹೆಣ್ಣುಮಗಳು ಹೋದ ವಾರ ಫೋನಿನಲ್ಲಿ, ಸಾವಿರದ ಇನ್ನೂರು ರೊಟ್ಟಿ ಬೇಕು, ಮುರಿದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಹೇಳಿದ್ದಾಳೆ. ಹುಡುಗನು ಒಪ್ಪಿಕೊಂಡು, ಸಾವಿರದ ಮುನ್ನೂರು ಬಡಿಯಲು ಹೇಳಿದ್ದಾನೆ.